ರಾಲಪ್ಪನ ಮುಡಿ

ಹಾರನಹಳ್ಳಿಯ ವೆಂಕಟಲಕ್ಷ್ಮಮ್ಮನಿಗೆ ಹರಕೆ ಹೊರುವುದು ಉಸಿರಾಡಿದಷ್ಟು ಸಲೀಸು. ಹಸು ಕರು ಹಾಕುವುದು ತಡವಾದರೆ ಒಂದು, ಪಕ್ಕದ ಮನೆ ರಂಗಮ್ಮನ ಹಲ್ಲುನೋವಿಗೆ ಒಂದು, ಅರಸೀಕೆರೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಸೀಟಿನಲ್ಲಿ ಕೂತ ಹಾಗೆಯೇ ಇನ್ನೊಂದು. ದೊಡ್ಡ ಹರಕೆಗಳೇನಲ್ಲ. ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಹೆಚ್ಚೆಂದರೆ ಬರಿಗಾಲಲ್ಲಿ ಮಾಲೇಕಲ್ಲು ಬೆಟ್ಟ ಹತ್ತುವುದು. ಬೆಟ್ಟದ ಮೇಲಿನ ವೆಂಕಟರಮಣ ಆಕೆಯ ಮನೆದೇವರು. ತೋಟದ ಬದುವಿನಲ್ಲಿ ನಿಂತು ಕೂಗಿದರೆ ಓಗೊಡುವ ಅಣ್ಣನ ಹಾಗೆ ಆತನ ಹತ್ತಿರ ಮಾತಾಡುತ್ತಿದ್ದಳು. ಆದರೆ ಹೊತ್ತ ಹರಕೆಯನ್ನು ಎಂದೂ ಬಾಕಿ ಉಳಿಸಿಕೊಂಡವಳಲ್ಲ. ಹಲ್ಲುನೋವು ಬಂದಿದ್ದೇ ರಂಗಮ್ಮನಿಗೆ ಮರೆತುಹೋಗಿದ್ದರೂ ಈಕೆ ಹೋಗಿ ಕಾಯಿ ಒಡೆಸಿ ಬರುತ್ತಿದ್ದಳು.

ಗಂಡ ಜವರಯ್ಯ ಮಿತಭಾಷಿ. ಆಡಿದ ನಾಲ್ಕು ಮಾತಿನಲ್ಲಿ ಮೂರು ಹೆಂಡತಿಯನ್ನು ಕೆಣಕುವುದಕ್ಕೇ ಆಗಬೇಕು.

"ನಿನ್ನ ದೆಸೆಯಿಂದ ತಿಮ್ಮಪ್ಪ ಮದ್ಯಾನ ಒಂದು ಗಳಿಗೆ ಕಣ್ಣು ಮುಚ್ಚೋ ಹಂಗಿಲ್ಲ ಕಣೇ" ಎನ್ನುತ್ತಿದ್ದ.

"ದೇವರಿಗೆ ನಿಮ್ಮಂಗೆ ಉಂಡ ತಕ್ಷಣ ನಿದ್ದೆ ಬರಾಕಿಲ್ಲ, ಸುಮ್ಕಿರಿ" ಎಂದು ಆಕೆ ಅಲ್ಲಿಗೇ ಮುಗಿಸುತ್ತಿದ್ದಳು.

ಒಬ್ಬಳೇ ಮಗಳನ್ನು ಕಣಕಟ್ಟೆಗೆ ಕೊಟ್ಟ ಮೇಲೆ ಮನೆಯ ಮುಂದಿನ ಕೋಣೆ ಖಾಲಿ ಬಿದ್ದಿತ್ತು. ಅರವತ್ತರ ದಶಕದ ನಡುವಿನ ಒಂದು ವರ್ಷ, ಹಳ್ಳಿಯವರಿಗೆ ಹೊಸ ರೀತಿಯಲ್ಲಿ ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಬಂದ ಹುಡುಗನೊಬ್ಬನಿಗೆ ಆ ಕೋಣೆ ಸಿಕ್ಕಿತು. ಇಪ್ಪತ್ತಮೂರು ವರ್ಷದವನು, ಬಾಗಿಲು ದಾಟುವಾಗ ಬಗ್ಗಬೇಕಾದಷ್ಟು ಎತ್ತರ, ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಇಳಿಬೀಳುವ ನೂಲಿನಂಥ ಕೂದಲು. ರಾಲ್ಫ್ ಎಂಬ ಹೆಸರು ಊರಿನ ನಾಲಿಗೆಗೆ ಹತ್ತಲಿಲ್ಲ. ವಾರದೊಳಗೆ ರಾಲಪ್ಪನಾದ. ಪುಸ್ತಕದ ಕನ್ನಡ ಕಲಿತು ಬಂದಿದ್ದ. "ಅಮ್ಮಾ, ನಾನು ಇನ್ನೊಂದು ಮುದ್ದೆಯನ್ನು ಸ್ವೀಕರಿಸುತ್ತೇನೆ" ಎಂದಾಗ ಜವರಯ್ಯ ಗಂಭೀರವಾಗಿ ಎದ್ದು ಕೈಮುಗಿದಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಕೋಳಿಗಳಿಗೆ ರೋಗ ಬಿತ್ತು. ಮೂರು ಮನೆಯ ಗೂಡುಗಳು ಬರಿದಾದವು. ರಾಲಪ್ಪ ಮಂಕಾದ. ಮುದ್ದೆ ಅರ್ಧಕ್ಕೇ ನಿಂತಿತು.

"ಕೋಳಿ ಸತ್ತಿದ್ದಕ್ಕೆ ನೀನ್ಯಾಕಪ್ಪಾ ಊಟ ಬಿಡ್ತೀಯಾ?" ಎಂದು ವೆಂಕಟಲಕ್ಷ್ಮಮ್ಮ ಎದುರಿಗೆ ಕೂತಳು. ಅವಳಿಗೆ ಕೇಳಿಸಿಕೊಳ್ಳುವ ತಾಳ್ಮೆಯಿತ್ತು. ಸ್ವಲ್ಪ ಹೊತ್ತಿಗೆ ಹುಡುಗ ಬಾಯಿಬಿಟ್ಟ. ಕೋಳಿಯದೊಂದೇ ಅಲ್ಲ. ಅಮೆರಿಕದ ಅವನ ಊರಿನಲ್ಲಿ ಈಗ ಆಟದ ಕಾಲ. ಚಿಕ್ಕಂದಿನಿಂದ ಪ್ರತಿ ಭಾನುವಾರ ಅಪ್ಪ ಮಗ ಜೊತೆಗೆ ಕೂತು ನೋಡುತ್ತಿದ್ದ ಆಟ. ಈ ವರ್ಷ ಅಪ್ಪ ಒಬ್ಬನೇ ಹೋಗುತ್ತಾನೆ, ಪಕ್ಕದ ಕುರ್ಚಿ ಖಾಲಿ. ಸಾಲದ್ದಕ್ಕೆ ಮೊದಲ ಮೂರು ಆಟವನ್ನೂ ಅವರ ಊರಿನ ತಂಡ ಸೋತಿತ್ತು.

"ಎಂಥ ಆಟ ಅದು?"

ರಾಲಪ್ಪ ಅಂಗಳಕ್ಕೆ ಹೋಗಿ, ರಾಶಿಯಿಂದ ಸುಲಿಯದ ತೆಂಗಿನಕಾಯಿಯೊಂದನ್ನು ಎತ್ತಿಕೊಂಡ. ಚೆಂಡು ಹೀಗೇ ಇರುತ್ತದೆ, ಉದ್ದಕ್ಕೆ. ಇದನ್ನು ಕಂಕುಳಲ್ಲಿ ಅವುಚಿಕೊಂಡು ಎದುರು ಪಕ್ಷದವರ ನಡುವೆ ನುಗ್ಗಬೇಕು. ಅವರು ಮೈಮೇಲೆ ಬಿದ್ದು ಕೆಡವುತ್ತಾರೆ. ಬಿದ್ದಲ್ಲಿಂದ ಎದ್ದು ಮತ್ತೆ ನುಗ್ಗಬೇಕು. ಅವನು ಕಾಯಿ ಹಿಡಿದು ಕೊಟ್ಟಿಗೆಯ ತನಕ ಓಡಿ ತೋರಿಸಿದ. ಹಸು ಬೆದರಿ ಎದ್ದು ನಿಂತಿತು.

"ನಮ್ಮ ತೋಟದಲ್ಲಿ ಕಾಯಿ ಕದ್ದೋನ್ನ ಹಿಡಿಯೋದೂ ಹಿಂಗೇಯ" ಎಂದ ಜವರಯ್ಯ. "ಇದಕ್ಕೆ ಸಂಬಳ ಕೊಡ್ತಾರಾ?"

"ಹೌದು ಯಜಮಾನರೇ. ತುಂಬ ಕೊಡುತ್ತಾರೆ."

"ಸೋತರೂ?"

"ಸೋತರೂ."

"ಹಂಗಾರೆ ನೀನ್ಯಾಕಪ್ಪಾ ಉಪಾಸ ಇರ್ತೀಯಾ? ಅವರು ಉಂಡು ಮಲಗವ್ರೆ."

ಅಂದು ಶನಿವಾರ, ತಿಮ್ಮಪ್ಪನ ವಾರ. ಸಂಜೆ ದೀಪ ಹಚ್ಚುವಾಗ ವೆಂಕಟಲಕ್ಷ್ಮಮ್ಮನ ಕಣ್ಣಿಗೆ ಅರ್ಧ ಮುದ್ದೆಯ ತಟ್ಟೆಯೇ ಕಟ್ಟಿತ್ತು. "ತಿಮ್ಮಪ್ಪಾ, ಈ ಹುಡುಗನ ಊರಿನೋರು ಈ ಸಲ ಎಲ್ಲಾರಿಗಿಂತ ಮೇಲೆ ಬರಲಿ" ಎಂದು ಶುರುಮಾಡಿದಳು. ಒಂದು ಕಾಯಿ ಎನ್ನಬೇಕೆಂದಿದ್ದವಳಿಗೆ ಅನುಮಾನ ಬಂತು. ಸಮುದ್ರ ದಾಟಿ ಮಾಡಬೇಕಾದ ಕೆಲಸಕ್ಕೆ ಒಂದು ಕಾಯಿ ಎಲ್ಲಿಯ ಲೆಕ್ಕ? ಅಷ್ಟರಲ್ಲಿ ರಾಲಪ್ಪ ಬಾಗಿಲಲ್ಲಿ ಹಾದುಹೋದ. ದೀಪದ ಬೆಳಕು ಅವನ ತಲೆಯ ಮೇಲೆ ಬಿತ್ತು. ಬಾಯಿಂದ ಮಾತು ತಾನಾಗಿ ಹೊರಟಿತು: "ಬಂದರೆ, ಇವನ ಮುಡಿ ನಿನಗೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುಡಿ ಕೊಡುವುದೆಂದರೆ ತಲೆ ನುಣ್ಣಗೆ ಬೋಳಿಸಬೇಕು. ಅವಳದಲ್ಲ ಆ ತಲೆ. ಕೇಳಿರಲಿಲ್ಲ, ಹೇಳಿರಲಿಲ್ಲ.

"ಹುಡುಗ ಮಾಗಿ ಕಳೀತಿದ್ದಂಗೆ ತಂಗಿ ಮದುವೆಗೆ ಊರಿಗೆ ಹೋಗ್ತಾನೆ" ಎಂದ ಜವರಯ್ಯ, ವಿಷಯ ಕೇಳಿ. "ಬೋಳು ತಲೆ ಹೊತ್ಕೊಂಡು ಮದುವೆ ಮನೇಲಿ ನಿಲ್ಲಬೇಕಾ? ಅವನೇನು ಒಪ್ತಾನೇನೇ?"

"ಅದನ್ನೇ ನಾನೂ ಯೋಚಿಸ್ತಿರೋದು."

"ಯೋಚಿಸ್ಬೇಡ. ಮೂರು ಸಲ ಸೋತೋರು ಎಲ್ಲಿ ಗೆಲ್ತಾರೆ."

ಆದರೆ ಗೆದ್ದರು. ಅಪ್ಪ ಕತ್ತರಿಸಿ ಕಳಿಸುತ್ತಿದ್ದ ಪತ್ರಿಕೆಯ ಚೂರುಗಳು ಹಾರನಹಳ್ಳಿ ಮುಟ್ಟಲು ಎರಡು ಮೂರು ವಾರ ಹಿಡಿಯುತ್ತಿತ್ತು. ನಾಲ್ಕನೆಯ ಆಟ ಗೆದ್ದರು. ಐದನೆಯದೂ ಗೆದ್ದರು. ರಾಲಪ್ಪ ಎರಡು ಮುದ್ದೆ ಸ್ವೀಕರಿಸತೊಡಗಿದ. ತಂಡದ ಹೆಸರು ವೆಂಕಟಲಕ್ಷ್ಮಮ್ಮನ ಬಾಯಿಗೆ ಬರುತ್ತಿರಲಿಲ್ಲ. "ನಮ್ಮೋರು" ಎಂದುಬಿಟ್ಟಳು. ಟಪಾಲಿನವನ ಗಂಟೆ ಕೇಳಿದರೆ ಸಾಕು, ಸೆರಗಿಗೆ ಕೈ ಒರೆಸುತ್ತ ಬಂದು, "ನಮ್ಮೋರು ಏನಾದ್ರು?" ಎನ್ನುತ್ತಿದ್ದಳು. ಪ್ರತಿ ಶನಿವಾರ ಇನ್ನೂ ಸುದ್ದಿ ಬಾರದ ಆಟಕ್ಕೆಂದು ಒಂದು ತುಪ್ಪದ ದೀಪ ಬೇರೆ.

"ನೀನು ಕೇಳ್ತಿರೋ ಸುದ್ದಿ ಮುಗಿದು ಎರಡು ವಾರ ಆಗೈತೆ" ಎಂದ ಜವರಯ್ಯ ಒಮ್ಮೆ. "ಮುಗಿದ ಆಟಕ್ಕೆ ಕೈ ಮುಗೀತೀಯಲ್ಲೇ?"

"ನಮಗೆ ಗೊತ್ತಾಗೋಗಂಟ ಅದು ಅವನ ಕೈಯಾಗೇ ಇರ್ತದೆ ಕಣ್ರೀ."

 

ಗೆದ್ದ ಹಾಗೆಲ್ಲ ಅವಳಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಆ ಮುಡಿಯ ಚಿಂತೆ. ಇದರ ನಡುವೆ ಮತ್ತೊಂದು ವಿಚಿತ್ರ ನಡೆಯಿತು. ತಿಂಗಳಿಗೊಮ್ಮೆ ಕ್ಷೌರಕ್ಕೆ ಬರುವ ಚನ್ನಪ್ಪ ಜಗಲಿಯ ಮೇಲೆ ಚೀಲ ಬಿಚ್ಚಿದರೆ ರಾಲಪ್ಪ, "ಈಗ ಬೇಡ ಚನ್ನಪ್ಪನವರೇ" ಎಂದು ಕಳಿಸಿಬಿಡುತ್ತಿದ್ದ. ಕೂದಲು ಕಿವಿ ಮುಚ್ಚಿತು, ಕತ್ತಿಗಿಳಿಯಿತು. ಶಾಲೆಯ ಸುಂದರರಾಜ ಮೇಷ್ಟ್ರು, ಅಮೆರಿಕದಲ್ಲಿ ಈಗ ಇದೇ ಶೋಕಿಯಂತೆ ಎಂದರು. ವೆಂಕಟಲಕ್ಷ್ಮಮ್ಮನಿಗೆ ಮಾತ್ರ ಬೇರೆಯೇ ತೋರಿತು. ತಿಮ್ಮಪ್ಪ ತನ್ನ ಪಾಲನ್ನು ತಾನೇ ಬೆಳೆಸಿಕೊಳ್ಳುತ್ತಿದ್ದಾನೆ. ನಾಲ್ಕು ಸಲ ಹೇಳಬೇಕೆಂದು ಅವನ ಕೋಣೆಯ ಬಾಗಿಲ ತನಕ ಹೋದಳು. ನಾಲ್ಕು ಸಲವೂ, "ಹಾಲು ಬೇಕೇನಪ್ಪಾ?" ಎಂದು ಕೇಳಿ ವಾಪಸು ಬಂದಳು.

ಡಿಸೆಂಬರಿನಲ್ಲಿ ರಾಲಪ್ಪ ಹೇಳಿದ: ಇನ್ನು ಉಳಿದದ್ದು ಕೊನೆಯ ಆಟ, ವರ್ಷದ ಕಡೆಯ ಭಾನುವಾರ. ಅದನ್ನು ಗೆದ್ದವರೇ ಎಲ್ಲರಿಗಿಂತ ಮೇಲೆ. ಎದುರಾಳಿ, ಹಳೇಬೀಡಿನಲ್ಲಿ ಅವನ ಹಾಗೆಯೇ ಕೋಳಿ ಕೆಲಸಕ್ಕೆ ಬಂದಿದ್ದ ಗೆಳೆಯನ ಊರಿನವರೇ. ಇಬ್ಬರೂ ಬಿಡುವಿದ್ದಾಗ ಬೇಲೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಯಾರ ತಂಡ ಮೇಲೆಂದು ವಾದ ಮಾಡುತ್ತಿದ್ದರಂತೆ. ಆ ಗೆಳೆಯನೂ ಒಮ್ಮೆ ಮನೆಗೆ ಬಂದು ಊಟ ಮಾಡಿ ಹೋಗಿದ್ದ, ತೆಳ್ಳನೆಯ ನಾಚಿಕೆಯ ಹುಡುಗ.

ಹೊಸ ವರ್ಷ ಹುಟ್ಟಿ ಒಂದೆರಡು ದಿನವಾಗಿತ್ತು. ವೆಂಕಟಲಕ್ಷ್ಮಮ್ಮ ರಂಗಮ್ಮನ ಜೊತೆ ಜಗಲಿಯಲ್ಲಿ ಕೂತು ನೆನೆದ ಅವರೆಕಾಳು ಹಿತಕುತ್ತಿದ್ದಳು. ಅರಸೀಕೆರೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ, "ಅಮೆರಿಕದ ಸ್ವಾಮಿ ಮನೆ ಇದೇನಾ? ತಂತಿ ಐತೆ" ಎಂದ.

 ಆ ಬೀದಿಗೆ ಅದುವರೆಗೆ ಬಂದ ತಂತಿಗಳೆಲ್ಲ ಸಾವಿನವೇ. ರಾಲಪ್ಪ ಕೋಳಿ ಕೆಲಸಕ್ಕೆಂದು ಕಣಕಟ್ಟೆಗೆ ಹೋಗಿದ್ದ. ವೆಂಕಟಲಕ್ಷ್ಮಮ್ಮ ಹೆಬ್ಬೆಟ್ಟೊತ್ತಿ ಲಕೋಟೆ ತೆಗೆದುಕೊಂಡಳು. ಸುದ್ದಿ ಕಾಳ್ಗಿಚ್ಚಾಯಿತು. ಸುಂದರರಾಜ ಮೇಷ್ಟ್ರನ್ನು ಶಾಲೆಯಿಂದ ಕರೆತಂದರು. ಅವರು, "ಇನ್ನೊಬ್ಬರ ತಂತಿ ಒಡೆಯೋದು ತಪ್ಪು, ಅವನೇ ಬರಲಿ" ಎಂದು ಕೈಕಟ್ಟಿ ಕೂತುಬಿಟ್ಟರು.

"ಅಪ್ಪನೇ ಇರಬೇಕು" ಎಂದಳು ರಂಗಮ್ಮ, ಕಣ್ಣೊರೆಸುತ್ತ. "ಒಬ್ಬನೇ ಹೋಗಿ ಕೂತ್ಕತಿದ್ನಂತೆ, ಪಾಪ."

ಯಾರೋ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದರು, ಸೂತಕದ ಸ್ನಾನಕ್ಕೆ. ಅಪ್ಪ ಸತ್ತರೆ ಮಗ ತಲೆ ಬೋಳಿಸಬೇಕಲ್ಲ, ಅದಕ್ಕೆ ಚನ್ನಪ್ಪನಿಗೆ ಹೇಳಿಕಳಿಸಿದರು. ಅವನು ಚೀಲದೊಂದಿಗೆ ಬಂದು ಕಂಬದ ಪಕ್ಕ ಕೂತ. ವೆಂಕಟಲಕ್ಷ್ಮಮ್ಮನಿಗೆ ಅಳುವೂ ಬರಲಿಲ್ಲ. ಪರರ ತಲೆಯನ್ನು ಕೇಳದೆ ಹರಕೆಗಿಟ್ಟೆ, ಅದಕ್ಕೇ ಹೀಗಾಯಿತು ಎಂಬುದೊಂದೇ ಮನಸ್ಸಿನಲ್ಲಿ ಸುತ್ತುತ್ತಿತ್ತು.

ಸಂಜೆಯ ಬಿಸಿಲಿನಲ್ಲಿ ರಾಲಪ್ಪ ಸೈಕಲ್ ತುಳಿಯುತ್ತ ಬಂದ. ಮನೆಯ ಮುಂದೆ ಜನ, ಅಳುವ ಹೆಂಗಸರು, ಹೊಗೆಯಾಡುವ ಹಂಡೆ. ಸೈಕಲನ್ನು ಹಾಗೇ ಬೀಳಿಸಿ ಓಡಿಬಂದವನು ನೇರ ಜವರಯ್ಯನ ಎರಡೂ ತೋಳು ಹಿಡಿದು, "ಯಜಮಾನರೇ, ನೀವು ಜೀವಂತವಾಗಿದ್ದೀರಿ" ಎಂದ.

"ನಾನು ಅವ್ನಿ ಕಣಪ್ಪಾ" ಎಂದ ಜವರಯ್ಯ ಮೆತ್ತಗೆ. "ನಿನಗೇ ತಂತಿ ಬಂದೈತೆ. ಕೂತ್ಕೊಂಡು ಓದು."

ರಾಲಪ್ಪ ನಿಂತೇ ಒಡೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಹಿಂದಕ್ಕೆ ತಲೆಯೆತ್ತಿ ನಗತೊಡಗಿದ.

"ದುಃಖಕ್ಕೆ ತಲೆ ಕೆಡ್ತು ಮಗೀಗೆ" ಎಂದಳು ರಂಗಮ್ಮ.

ಮೇಷ್ಟ್ರು ಕಾಗದ ಇಸಿದುಕೊಂಡು ಕನ್ನಡಕ ಸರಿಮಾಡಿಕೊಂಡರು. "ಗೆದ್ದೆವು. ನಿನ್ನ ಕುರ್ಚಿಯ ಮೇಲೆ ನನ್ನ ಟೋಪಿ ಇಟ್ಟಿದ್ದೆ. ಅಪ್ಪ" ಎಂದು ಓದಿ, "ಇಷ್ಟೇ ಇರೋದು" ಎಂದು ಕಾಗದವನ್ನು ಹಿಂದೆ ತಿರುಗಿಸಿಯೂ ನೋಡಿದರು.

ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕಾದ ನೀರು ದಂಡವಾಗುತ್ತದೆಂದು ಯಾರೋ ಮಕ್ಕಳಿಗೆ ಎಣ್ಣೆ ಹಚ್ಚಲು ಕೂಗಿದರು. ಚನ್ನಪ್ಪ ಎದ್ದು ಚೀಲದ ಹಗ್ಗ ಬಿಗಿದ. "ಹಂಗಾರೆ ನನಗೆ ಕೆಲಸ ಇಲ್ಲ ಅನ್ನಿ."

"ಇರು ಚನ್ನಪ್ಪ" ಎಂದಳು ವೆಂಕಟಲಕ್ಷ್ಮಮ್ಮ.

ಅವಳ ದನಿ ಕೇಳಿ ಜವರಯ್ಯ ತಲೆ ತಗ್ಗಿಸಿದ. ಅವಳು ರಾಲಪ್ಪನ ಎದುರು ಬಂದು ನಿಂತಳು. "ಮಗಾ, ನಿನಗೊಂದು ಮಾತು ಹೇಳ್ಬೇಕು. ನೀನು ಊಟ ಬಿಟ್ಟಿದ್ದೆ ನೋಡು, ಅವತ್ತು ತಿಮ್ಮಪ್ಪನ ಹತ್ರ ಹೇಳ್ಕಂಡೆ. ನಮ್ಮೋರು ಗೆದ್ದರೆ ನಿನ್ನ ಮುಡಿ ಕೊಡ್ತೀನಿ ಅಂದೆ. ನಿನ್ನ ಕೇಳದೇನೇ ಅಂದೆ. ಅವನು ನಡೆಸಿಕೊಟ್ಟ. ಈಗ ನೀನು ಒಲ್ಲೆ ಅಂದ್ರೆ ತಪ್ಪು ನಿಂದಲ್ಲ, ನಂದು. ಅವನಿಗೆ ನಾನೇ ಹೆಂಗಾರ ಸಮಾಧಾನ ಹೇಳ್ಕತೀನಿ."

ಮೇಷ್ಟ್ರು ಒಂದೆರಡು ಮಾತು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ರಾಲಪ್ಪ ಕತ್ತಿನ ಮೇಲಿನ ಕೂದಲಿಗೆ ಕೈಹಾಕಿಕೊಂಡ. "ತಂಗಿಯು ನನ್ನನ್ನು ಕೊಲ್ಲುತ್ತಾಳೆ" ಎಂದ. ಮತ್ತೆ ಕೇಳಿದ: "ಅಮ್ಮಾ, ನಾನು ಕೂದಲನ್ನು ಏಕೆ ಕತ್ತರಿಸಲಿಲ್ಲ, ನಿಮಗೆ ಗೊತ್ತೇ?"

"ಶೋಕಿ ಅಂದ್ರು ಮೇಷ್ಟ್ರು."

"ಅಲ್ಲ. ನಮ್ಮಲ್ಲಿ ಹಾಗೆ ಮಾಡುತ್ತಾರೆ. ತಂಡವು ಗೆಲ್ಲುತ್ತಿರುವಾಗ ಕೂದಲನ್ನು ಮುಟ್ಟಬಾರದು. ಮುಟ್ಟಿದರೆ ಸೋಲುತ್ತದೆ."

ವೆಂಕಟಲಕ್ಷ್ಮಮ್ಮ ಅವನನ್ನೇ ನೋಡಿದಳು. "ಅಂದ್ರೆ ನೀನೂ ಮುಡಿ ಹೊತ್ತಿದ್ದೆ. ಯಾವ ದೇವರಿಗೆ?"

"ಯಾವ ದೇವರಿಗೂ ಇಲ್ಲ ಅಮ್ಮಾ. ಸುಮ್ಮನೆ."

"ಸುಮ್ನೆ ಯಾರಾದ್ರೂ ಹರಕೆ ಹೊರ್ತಾರೇನಪ್ಪಾ?" ಅವಳಿಗೆ ನಿಜಕ್ಕೂ ಕಳವಳವಾಯಿತು. "ವಿಳಾಸ ಬರೀದೇ ಕಾಗದ ಡಬ್ಬಕ್ಕೆ ಹಾಕಿದಂಗಾಯ್ತಲ್ಲ. ಅದು ಯಾರಿಗೆ ಹೋಗಿ ಸೇರ್ಬೇಕು?"

ರಾಲಪ್ಪ ಯೋಚಿಸಿದ. "ಬಹುಶಃ ಮಾಲೇಕಲ್ಲಿಗೆ" ಎಂದ.

ಮರುದಿನವೇ ಶನಿವಾರ. ಚನ್ನಪ್ಪನನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋದರು. ಬೆಟ್ಟದ ಬುಡದಲ್ಲಿ ಕೂತು, ಮೊದಲ ಕತ್ತಿಯೆಳೆತಕ್ಕೆ ರಾಲಪ್ಪ ಕಣ್ಣು ಮುಚ್ಚಿದ. ಚನ್ನಪ್ಪ, "ನಾಲ್ಕು ತಿಂಗಳ ಬಾಕಿ ಒಂದೇ ಸಲ ತೀರಿಸ್ತಿದ್ದೀನಿ ಸ್ವಾಮಿ" ಎಂದು ನಯವಾಗಿ ಕೆಲಸ ಮುಗಿಸಿದ. ಆಮೇಲೆ ವೆಂಕಟಲಕ್ಷ್ಮಮ್ಮ ತಾನೂ ಕೂತು, ಜಡೆಯ ತುದಿಯಲ್ಲಿ ಮೂರು ಬೆರಳಿನಷ್ಟು ಕತ್ತರಿಸಲು ಹೇಳಿದಳು. ಇನ್ನೊಬ್ಬರ ತಲೆಯನ್ನು ಕೇಳದೆ ಹೊತ್ತದ್ದಕ್ಕೆ ಅದು ಅವಳ ತಪ್ಪುಕಾಣಿಕೆ. ರಾಲಪ್ಪನ ಬಿಳಿ ಬೋಳು ತಲೆಗೆ ಗಂಧ ಬಳಿದು ಬೆಟ್ಟ ಹತ್ತಿದರು. ಜನ ಇವನನ್ನು ನೋಡಿದಷ್ಟು ಗೋಪುರವನ್ನು ನೋಡಲಿಲ್ಲ.

ಮಂಗಳಾರತಿಯಾಗಿ ಇಳಿಯುವಾಗ ವೆಂಕಟಲಕ್ಷ್ಮಮ್ಮನ ಹೆಜ್ಜೆ ಹಗುರಾಗಿತ್ತು. ಅರ್ಧ ದಾರಿಯಲ್ಲಿ ಮಾತ್ರ ನಿಂತಳು.

"ರಾಲಪ್ಪಾ, ನಿನ್ನ ಹಳೇಬೀಡಿನ ಗೆಳೆಯ ಉಣ್ತಾ ಅವ್ನೋ ಇಲ್ವೋ? ಅವನ ಊರಿನೋರು ಸೋತರಲ್ಲ."

"ಅವನು ಬಹಳ ದುಃಖದಲ್ಲಿರುತ್ತಾನೆ" ಎಂದ ರಾಲಪ್ಪ, ದುಃಖದ ಸುಳಿವೇ ಇಲ್ಲದೆ.

ವೆಂಕಟಲಕ್ಷ್ಮಮ್ಮ ಬೆಟ್ಟದ ತುದಿಯ ಕಡೆ ತಿರುಗಿದಳು. ಜವರಯ್ಯ ಎರಡು ಮೆಟ್ಟಿಲು ಇಳಿದಿದ್ದವನು ಹಿಂತಿರುಗಿ ನೋಡಿದ.

"ಲೇ, ಎರಡೂ ಊರು ಒಂದೇ ಸಲ ಗೆಲ್ಲಾಕಿಲ್ಲ ಕಣೇ. ತಿಮ್ಮಪ್ಪನ್ನ ಕಷ್ಟಕ್ಕೆ ಸಿಗಿಸ್ಬೇಡ. ಯಾರ ತಲೆ ಹೊತ್ತೆ ಈಗ?"

"ಯಾರ ತಲೇನೂ ಇಲ್ಲ" ಎಂದಳು ಆಕೆ, ಸೆರಗು ಸರಿಮಾಡಿಕೊಂಡು ಇಳಿಯುತ್ತ. "ಆ ಮಗ ಹೊಟ್ಟೆ ತುಂಬ ಉಂಡ್ರೆ ಒಂದು ಕಾಯಿ. ಅಷ್ಟೇ."