ತಿರುಪಿನಕ್ಕನ ಸಡಿಲ ಚಿಲಕ

“ಲೋಕದ ತಿರುಪೆಲ್ಲ ಬಿಗಿ ಮಾಡ್ತಾಳೆ, ತನ್ನ ಮನೆ ಚಿಲಕ ಮಾತ್ರ ಲೊಡಲೊಡ ಅನ್ನುತ್ತೆ!” ಆ ಬೀದಿಯವರು ತಿರುಪಿನಕ್ಕನ ಬಗ್ಗೆ ಆಡುತ್ತಿದ್ದ ಮಾತು ಇದೇ. ಮೇಲಿನ ಮನೆಯ ಮೇಷ್ಟರು ಮೆಟ್ಟಿಲಿಳಿಯುತ್ತ ಅನ್ನುತ್ತಿದ್ದರು, ಎದುರುಮನೆಯ ದರ್ಜಿ ಹೊಲಿಗೆ ಯಂತ್ರದ ಪೆಡಲು ನಿಲ್ಲಿಸಿ ಅನ್ನುತ್ತಿದ್ದ. ಅವಳು ಮುನಿದವಳಲ್ಲ. “ಇರಲಿ ಬಿಡಿ, ಕಳ್ಳ ಬಂದ್ರೆ ಸದ್ದಾಗುತ್ತೆ” ಎಂದು ನಕ್ಕು, ಊಟದ ಡಬ್ಬಿ ಚೀಲಕ್ಕೆ ತುರುಕಿ ಕಾರ್ಖಾನೆಯ ಬಸ್ಸು ಹತ್ತುತ್ತಿದ್ದಳು.

ಟೆಲಿಫೋನ್ ಎಕ್ಸ್‌ಚೇಂಜಿನ ಸಲಕರಣೆ ಮಾಡುವ ಕಾರ್ಖಾನೆ ಅದು. ಗಂಡ ತೀರಿಕೊಂಡ ವರ್ಷ, ಅತ್ತೆಯನ್ನೂ ತನ್ನನ್ನೂ ಸಾಕಿಕೊಳ್ಳಲು ಅಲ್ಲಿಗೆ ಸೇರಿದವಳು ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದಳು. ಈಗ ಅವಳ ಕೈಯಲ್ಲಿದ್ದ ಕೆಲಸ ಫಿಲ್ಟರಿನದು. ಫಿಲ್ಟರ್ ಅಂದರೆ ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ, ನೆತ್ತಿಯ ಮೇಲೆ ಎಂಟು ತಿರುಪು. ಗಾಳಿಯಲ್ಲಿ ಹರಿದುಬರುವ ನೂರೆಂಟು ತರಂಗಗಳಲ್ಲಿ ತನಗೆ ಬೇಕಾದ್ದನ್ನು ಒಳಗೆ ಬಿಟ್ಟುಕೊಂಡು ಮಿಕ್ಕದ್ದನ್ನು ಹೊಸ್ತಿಲಲ್ಲೇ ತಡೆಯುವ ಡಬ್ಬಿ. ತಿರುಪು ತಿರುಗಿಸಿದರೆ ಎದುರಿನ ತೆರೆಯ ಮೇಲೆ ಹಸಿರು ದಿಬ್ಬವೊಂದು ಜರುಗುತ್ತದೆ. ಅದು ಎರಡು ಕೆಂಪು ಗೆರೆಗಳ ನಡುವೆ ಕೂತರೆ ಡಬ್ಬಿ ಪಾಸು. ಕೂತಿತು ಅಂತ ಬಿಗಿ ನಟ್ಟು ಹಾಕಿದರೆ ದಿಬ್ಬ ಕೂದಲೆಳೆಯಷ್ಟು ಸರಿದುಬಿಡುತ್ತದೆ. ಎಷ್ಟು ಸರಿಯುತ್ತದೋ ಅಷ್ಟು ಮೊದಲೇ ಹಿಂದೆ ನಿಲ್ಲಿಸುವುದು ಬೆರಳಿಗೆ ಗೊತ್ತಿರಬೇಕು. ಅವಳ ಬೆರಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಜನ ಮನೆಮನೆಯ ಫೋನು ಕಿತ್ತುಹಾಕತೊಡಗಿದರು. ಎಕ್ಸ್‌ಚೇಂಜ್ ಕೇಳುವವರೇ ಇಲ್ಲ. ಕಂಪನಿ ಹೊಸ ಮಾರುಕಟ್ಟೆಗೆ ಇಳಿಯಿತು: ತಂತಿಯಿಲ್ಲದೆ ಇಂಟರ್ನೆಟ್ ತಲುಪಿಸುವ, ಚಾವಣಿಯ ಕಂಬಕ್ಕೆ ತೂಗುಹಾಕುವ ಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಹೊಟ್ಟೆಯಲ್ಲೂ ಅಕ್ಕ ತಿರುಪು ಕೂರಿಸಿದ ಒಂದು ಫಿಲ್ಟರ್. ಇವರಂತೆಯೇ ಫೋನಿನ ಸಾಮಾನು ಮಾಡಿ ಕೈ ಖಾಲಿಯಾದ ಇನ್ನೆರಡು ಕಂಪನಿಗಳೂ ಅದೇ ದಾರಿ ಹಿಡಿದಿದ್ದವು. ಕೊಳ್ಳುವವರು ಒಂದು ಪರೀಕ್ಷೆ ಇಟ್ಟರು. ಮೂವರೂ ಹತ್ತು ಹತ್ತು ಪೆಟ್ಟಿಗೆ ಚಾವಣಿಗಳ ಮೇಲೆ ಕಟ್ಟಬೇಕು, ನಲವತ್ತು ದಿನ ಓಡಿಸಬೇಕು, ಚೆನ್ನಾಗಿ ಓಡಿದವರಿಗೆ ಆರ್ಡರು. ಸೋತರೆ ಫಿಲ್ಟರ್ ಕೋಣೆಗೆ ಬೀಗ. ಮನೆಗೆ ಕಳಿಸುವ ಹನ್ನೊಂದು ಜನರ ಪಟ್ಟಿ ಆಗಲೇ ತಯಾರಾಗಿತ್ತು. ಅದರ ತಲೆಯಲ್ಲೇ ತಿರುಪಿನಕ್ಕ.

ಹದಿನಾರನೆಯ ದಿನ ದೂರು ಬಂತು. ಮಧ್ಯಾಹ್ನ ಹನ್ನೆರಡಾದರೆ ಇವರ ಪೆಟ್ಟಿಗೆಗಳು ತೂಕಡಿಸುತ್ತವೆ, ಇಂಟರ್ನೆಟ್ ನಿಂತೇ ಹೋಗುತ್ತದೆ, ಸಂಜೆಗೆ ತಾವಾಗಿಯೇ ಎದ್ದು ಕೂರುತ್ತವೆ. ಐದು ಜನ ಎಂಜಿನಿಯರುಗಳು ಸಾಫ್ಟ್‌ವೇರ್ ಜಾಲಾಡಿದರು. ಏನೂ ಸಿಗಲಿಲ್ಲ.

ಆ ಭಾನುವಾರ ಬೆಳಗ್ಗೆ ದರ್ಜಿಗೆ ಕನಿಕರ ಉಕ್ಕಿತು. ಅಕ್ಕ ತರಕಾರಿಗೆ ಹೋಗಿದ್ದಾಗ ಬಂದು, ಚಿಲಕದ ತಿರುಪುಗಳನ್ನೆಲ್ಲ ಮುಷ್ಟಿ ಬಲ ಹಾಕಿ ಬಿಗಿದುಹೋದ. ಆಮೇಲೆ ಅಕ್ಕ ಸ್ನೇಹಿತೆಯ ಮನೆಗೆ ಹೋದಳು, ಅತ್ತೆ ಒಳಗಿಂದ ಚಿಲಕ ಹಾಕಿಕೊಂಡು ಮಲಗಿದರು. ಎರಡು ಗಂಟೆಗೆ ಅವಳು ಮರಳಿದರೆ ಬಾಗಿಲಲ್ಲಿ ಗಲಾಟೆ. ಪಶ್ಚಿಮಕ್ಕೆ ಮುಖ ಮಾಡಿದ ಕಬ್ಬಿಣದ ಬಾಗಿಲು, ಉರಿಬಿಸಿಲು. ದರ್ಜಿ ಹೊರಗಿಂದ ನೂಕುತ್ತಿದ್ದಾನೆ, ಒಳಗೆ ಸರಿಯದ ಚಿಲಕ ಜಗ್ಗುತ್ತ ಅತ್ತೆ.

“ನನ್ನ ಜೈಲಿಗೆ ಹಾಕಿದ್ಯಾವನೋ!”

“ನಾನಜ್ಜಿ, ಉಪಕಾರ ಮಾಡೋಕೆ ಹೋಗಿ…”

“ನಿನ್ನ ಉಪಕಾರಕ್ಕೆ ಕತ್ತರಿ ಹಾಕ! ಅದೇನು ಜುಬ್ಬಾದ ಗುಂಡಿಯೇನೋ ಬಿಗಿದು ಹೊಲಿಯೋಕೆ?”

ಅಕ್ಕ ನಲ್ಲಿಯಿಂದ ಎರಡು ಕೊಡ ನೀರು ಹಿಡಿದು ತಂದು ಬಾಗಿಲ ಮೈಮೇಲೆ ಸುರಿದಳು. ಕಬ್ಬಿಣ ಚುಂಯ್‌ಗುಟ್ಟಿತು. “ಈಗ ಎಳೀರಿ ಅತ್ತೆ” ಅಂದಳು. ಚಿಲಕ ಟಕ್ಕನೆ ಸರಿಯಿತು.

“ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ, ಅದಕ್ಕೇ ಕಣಯ್ಯ ಸಡಿಲ ಬಿಟ್ಟಿದ್ದು. ಬೆಳಗ್ಗೆ ಲೊಡಲೊಡ ಅಂದ್ರೇನೇ ಮಧ್ಯಾಹ್ನ ಸರಿಯಾಗಿ ಕೂರೋದು” ಎಂದವಳು ಅಷ್ಟಕ್ಕೇ ನಿಂತುಬಿಟ್ಟಳು. ಖಾಲಿ ಕೊಡ ಕೈಯಲ್ಲೇ ಇತ್ತು. ಅತ್ತೆ ಬೈಯುತ್ತಲೇ ಇದ್ದರು, ಅವಳ ಕಿವಿಗೆ ಒಂದೂ ಬೀಳಲಿಲ್ಲ.

ಸೋಮವಾರ ನೇರ ಕಾರ್ಖಾನೆಯ ಮುಖ್ಯಸ್ಥರ ಕೋಣೆಗೆ ಹೋದಳು. “ಸಾರ್, ಮೋಡ ಇದ್ದ ದಿನವೂ ಪೆಟ್ಟಿಗೆ ತೂಕಡಿಸ್ತಾ?”

ಅವರು ದಾಖಲೆ ತಿರುವಿಹಾಕಿದರು. ಹನ್ನೊಂದನೆಯ ದಿನ ಇಡೀ ಮೋಡ. ಆ ದಿನ ಒಂದೂ ತೊಂದರೆ ಇರಲಿಲ್ಲ.

ಅವಳು ಮಿಕ್ಕಿದ್ದ ಒಂದು ಪೆಟ್ಟಿಗೆಯನ್ನು ಕ್ಯಾಂಟೀನಿನ ಚಾವಣಿಯ ಮೇಲಿಟ್ಟಳು. ಎರಡು ಗಂಟೆಗೆ ಬಿಸಿ ಆರದಂತೆ, ಮನೆಯಿಂದ ತಂದಿದ್ದ ಅತ್ತೆಯ ಉಣ್ಣೆ ಶಾಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎತ್ತಿಕೊಂಡು ಬಂದು ಅಳೆಯುವ ಯಂತ್ರಕ್ಕೆ ಜೋಡಿಸಿದಳು. ಹಸಿರು ದಿಬ್ಬ ಎಡಗಡೆಯ ಕೆಂಪು ಗೆರೆ ದಾಟಿ ಆಚೆ ನಿಂತಿತ್ತು. ಎಲ್ಲರೂ ನೋಡುತ್ತಿದ್ದಂತೆ, ತಣ್ಣಗಾಗುತ್ತ ಆಗುತ್ತ, ಏನೂ ತಿಳಿಯದವರ ಹಾಗೆ ಮೆಲ್ಲಗೆ ಸ್ವಸ್ಥಾನಕ್ಕೆ ಮರಳಿತು.

“ತಂಪು ಕೋಣೇಲಿ ಕೂತು ನಟ್ಟನಡುವೆ ನಿಲ್ಲಿಸಿದ್ದೇ ನಾವು ಮಾಡಿದ ತಪ್ಪು. ಇಲ್ಲಿ ಸ್ವಲ್ಪ ಬಲಕ್ಕೆ ಬಿಡೋಣ. ಬಿಸಿಲಿಗೆ ಜರುಗಿದ್ರೂ ಗೆರೆಯೊಳಗೇ ಇರುತ್ತೆ.”

“ಇಲ್ಲಿ ಅಳೆದವರಿಗೆ ಕೆಲಸ ಕೆಟ್ಟಿದೆ ಅಂತ ಕಾಣುತ್ತಲ್ಲಮ್ಮ. ಪುಸ್ತಕದಲ್ಲಿ ನಡುವೆ ಅಂತಿದೆ” ಎಂದರು ಮುಖ್ಯಸ್ಥರು.

“ಪುಸ್ತಕ ಕೋಣೇಲಿದೆ ಸಾರ್, ಪೆಟ್ಟಿಗೆ ಬಿಸಿಲಲ್ಲಿದೆ.”

“ತಪ್ಪಾದ್ರೆ ಯಾರು ಹೊಣೆ?”

“ಪಟ್ಟೀಲಿ ಮೊದಲು ನನ್ನ ಹೆಸರೇ ಇದೆಯಲ್ಲ. ಅದರ ಕೆಳಗೇ ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, “ಆಗಲಿ” ಎಂದರು.

ಎರಡು ದಿನದಲ್ಲಿ ಒಂಬತ್ತು ಪೆಟ್ಟಿಗೆ, ಎಪ್ಪತ್ತೆರಡು ತಿರುಪು. ಏಳನೆಯ ಪೆಟ್ಟಿಗೆಯಲ್ಲಿ ಕೈ ಸೋತು ನಟ್ಟು ಹೆಚ್ಚು ಬಿಗಿಯಾಯಿತು. ಅದರ ಎಂಟೂ ತಿರುಪು ಬಿಚ್ಚಿ ಮೊದಲಿನಿಂದ ಶುರು ಮಾಡಿದಳು. ಹತ್ತನೆಯದು ಸಿಗಲಿಲ್ಲ. ಆ ಚಾವಣಿಯ ಯಜಮಾನ ಬೀಗ ಜಡಿದು ಮಗಳ ಮನೆಗೆ ಹೋಗಿದ್ದ.

ಮೂರನೆಯ ದಿನ ಮಧ್ಯಾಹ್ನ ಎರಡೂವರೆಗೆ ಮುಖ್ಯಸ್ಥರು ಓಡಿಬಂದರು. “ಅಕ್ಕಾ, ಒಂಬತ್ತು ಎದ್ದು ನಿಂತಿವೆ! ಒಂದು ಮಾತ್ರ ಮಲಗಿದೆ.”

“ಬೀಗದ ಮನೇದಾ?”

“ಅದೇ.”

“ಹಾಗಾದ್ರೆ ಅದು ಮಲಗಿದ್ದೇ ಒಳ್ಳೇದು. ತಿರುಪು ತಿದ್ದದೇ ಇದ್ದದ್ದೊಂದೇ ಮಲಗಿದೆ ಅಂದ್ರೆ ಕಾರಣ ಬಿಸಿಲೇ ಅಂತ ಖಾತ್ರಿ ಆಯ್ತು. ಮೊದಲು ಬರೆದಿಟ್ಕೊಳ್ಳಿ, ಆಮೇಲೆ ಇಳಿಸಿ.” ಆಗ ಅವಳಿಗೆ ತಿಳಿಯಿತು, ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿಲ್ಲ ಎಂದು.

ನಲವತ್ತು ದಿನ ತುಂಬಿತು, ಆರ್ಡರು ಬಂತು, ಪಟ್ಟಿ ಹರಿದು ಬುಟ್ಟಿ ಸೇರಿತು. ಆದರೆ ಪೆಟ್ಟಿಗೆ ಮಾಡುವ ಹೊಸ ಕಾರ್ಖಾನೆ ಏಳುವುದು ಎರಡು ರೈಲು ಬದಲಿಸಿ ಹೋಗಬೇಕಾದ ಊರಿನಲ್ಲಿ. ಅಲ್ಲಿ ಹೊಸಬರು ನಲವತ್ತು ಜನಕ್ಕೆ ಕೈ ತಿದ್ದಬೇಕು. ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದು ಬಂದವಳು ಮನೆಯಲ್ಲಿ ಅತ್ತೆಗೆ ತಡವರಿಸುತ್ತಲೇ ವಿಷಯ ಹೇಳಿದಳು.

“ನಾನು ಬರಲ್ಲ ಅಂದ್ರೆ?” ಅಂದರು ಅತ್ತೆ.

“ಶಾಲಲ್ಲಿ ಸುತ್ತಿ ಎತ್ಕೊಂಡು ಹೋಗ್ತೀನಿ. ಅಭ್ಯಾಸ ಆಗಿದೆ.”

“ಕಿಟಕಿ ಪಕ್ಕದ ಸೀಟು ನಂದು, ಈಗ್ಲೇ ಹೇಳಿರ್ತೀನಿ.”

ಹೊರಟ ದಿನ ಗಾಡಿಗೆ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಏರಿದವು. ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಅತ್ತೆ ಚಾಲಕನಿಗೆ ದಾರಿ ಹೇಳಿಕೊಡುತ್ತಿದ್ದರು. ಖಾಲಿ ಕೋಣೆಗಳನ್ನು ಒಮ್ಮೆ ನೋಡಿಬಂದು ಅಕ್ಕ ಮನೆಯೊಡೆಯನ ಕೈಗೆ ಕೀಲಿ ಇತ್ತಳು. ಅಕ್ಕ ಮತ್ತೆ ಸಡಿಲಿಸಿಟ್ಟಿದ್ದ ಚಿಲಕವನ್ನು ಆತ ಅಲ್ಲಾಡಿಸಿ ನೋಡಿ, “ಇದನ್ನೊಂದು ಸರಿ ಮಾಡಿಸ್ಬೇಕು” ಎಂದ.

ಎದುರಿನಿಂದ ದರ್ಜಿ ಕೂಗಿದ: “ಮುಟ್ಟಬೇಡಿ ಸ್ವಾಮಿ! ಅದು ಸರಿಯಾಗೇ ಇದೆ!”

ಅಕ್ಕ ಬಾಗಿಲೆಳೆದಳು. ಲೊಡಲೊಡ ಎಂದಿತು. ಚೀಲದಲ್ಲಿ ತಿರುಪುಳಿಗಳಿವೆಯೇ ಎಂದು ಮುಟ್ಟಿ ನೋಡಿಕೊಂಡು ಗಾಡಿ ಹತ್ತಿದಳು.