ಬೀಗ ಕೇಳಿದ ಪ್ರಶ್ನೆ

ಆ ಶುಕ್ರವಾರ ನನ್ನ ಪ್ರೊಬೇಷನ್ ಮುಗಿಯುವುದಿತ್ತು. ಆರು ತಿಂಗಳಲ್ಲಿ ನಾನು ಒಂದೇ ಒಂದು ದೋಷವನ್ನೂ ಹಿಡಿದಿರಲಿಲ್ಲ. ನಮ್ಮ ಕೆಲಸವೇ ಅದು: ಬೀಗ, ಕ್ಯಾಮೆರಾ, ರೌಟರ್‌ಗಳ ಒಳಗೆ ಕೂತು ಅವನ್ನು ನಡೆಸುವ ಫರ್ಮ್‌ವೇರ್ ಎಂಬ ಸಾಫ್ಟ್‌ವೇರನ್ನು ಹೊರಗೆಳೆದು, ಕಳ್ಳರು ನುಗ್ಗಬಹುದಾದ ಸಂದನ್ನು ಅವರಿಗಿಂತ ಮೊದಲು ಹುಡುಕುವುದು. ತಂಡದ ಉಳಿದ ಐವರೂ ಬೇರೆ ರಾಜ್ಯದವರು, ಪಟಪಟ ಇಂಗ್ಲಿಷಿನವರು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಮೀಟಿಂಗಿನಲ್ಲಿ ಮೈಕ್ ಆನ್ ಮಾಡಲೂ ಭಯ. ಶುಕ್ರವಾರದೊಳಗೆ ಏನೂ ಸಿಗದಿದ್ದರೆ ಕಷ್ಟ ಎಂದು ಮ್ಯಾನೇಜರ್ ಮೆತ್ತಗೆ ಹೇಳಿದ್ದರು. ಅಷ್ಟು ಮೆತ್ತಗೆ ಹೇಳಿದ್ದೇ ನನ್ನನ್ನು ಇನ್ನಷ್ಟು ಹೆದರಿಸಿತ್ತು.

ನನ್ನ ಪಾಲಿಗೆ ಬಂದದ್ದು ಒಂದು ಸ್ಮಾರ್ಟ್ ಬೀಗ, ಐವರೂ ನೋಡಿ ಕೈಬಿಟ್ಟದ್ದು. ಗೋವಿಂದರಾಜನಗರದ ಬಾಡಿಗೆ ಮನೆಯ ಹಾಲಿನಲ್ಲಿ ಅದನ್ನು ಹಲಗೆಯೊಂದಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದೆ. ಗುರುವಾರ ಬೆಳಿಗ್ಗೆ ಅದರ ಫರ್ಮ್‌ವೇರಿನಲ್ಲಿ ಹುದುಗಿದ್ದ ಪದಗಳನ್ನೆಲ್ಲ ಸಾಲಾಗಿ ಇಳಿಸಿಕೊಂಡು ಓದತೊಡಗಿದೆ. ಮುಗಿಯದ ಸಾಲುಗಳು. ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ: ಊಟ ಆಯ್ತಾ.

ಎದ್ದು ನಿಂತೆ. ಕೂತೆ. ಮತ್ತೆ ಓದಿದೆ. ಮಿಕ್ಕವರ ಕಣ್ಣಿಗೆ ಅದು ಬರೀ ಕಸವಾಗಿ ಕಂಡಿರಬೇಕು. ಲ್ಯಾಪ್‌ಟಾಪಿನಿಂದ ಬೀಗಕ್ಕೆ ವೈರ್ ಜೋಡಿಸಿ ಆ ಸಾಲಿದ್ದ ಭಾಗವನ್ನು ಚಾಲೂ ಮಾಡಿದರೆ, ಸ್ಕ್ರೀನಿನ ಮೇಲೆ ಬೀಗ ನನ್ನನ್ನೇ ಕೇಳಿತು, ಊಟ ಆಯ್ತಾ ಎಂದು. ಯಾರೋ ಪುಣ್ಯಾತ್ಮ ಟೆಸ್ಟಿಂಗಿಗೆಂದು ಕಳ್ಳಬಾಗಿಲು ಇಟ್ಟುಕೊಂಡು, ಮುಚ್ಚುವುದನ್ನು ಮರೆತಿದ್ದ. ಅದನ್ನು ತೆರೆಯುವ ಉತ್ತರ ಮಾತ್ರ ಎಲ್ಲೂ ಕಾಣಲಿಲ್ಲ.

ಆಯ್ತು ಎಂದು ಟೈಪ್ ಮಾಡಿದೆ. ಬೀಗ ಮಿಸುಕಲಿಲ್ಲ. ಇಲ್ಲ ಎಂದೆ, ಇನ್ನೂ ಇಲ್ಲ ಎಂದೆ, ಈಗ ತಾನೇ ಆಯ್ತು ಎಂದೂ ಹೇಳಿ ನೋಡಿದೆ. ಪೆಚ್ಚಾಗಿ ಕೂತಾಗ ಹೊಳೆಯಿತು. ನಮ್ಮಲ್ಲಿ ಯಾರು ತಾನೇ ಬರೀ ಆಯ್ತು ಅಂದು ಸುಮ್ಮನಾಗುತ್ತಾರೆ? ತಿರುಗಿ ಕೇಳದಿದ್ದರೆ ಮರ್ಯಾದೆಯೇ? ಆಯ್ತು ನಿಮ್ದು ಎಂದು ಕುಟ್ಟಿದೆ. ಕಟಕ್ ಎಂದು ಬೀಗ ತೆರೆದುಕೊಂಡಿತು.

ಆಮೇಲೆ ನಾನು ಕುಣಿದೆ. ನೆಲ ನಡುಗುವ ಹಾಗೆ, ಒಬ್ಬಳೇ, ನೈಟಿಯಲ್ಲಿ. ಕೆಳಗಿನ ಮನೆಯ ಓನರ್ ಆಂಟಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಏನಮ್ಮ, ಏನಾಯ್ತು?"

"ಬೀಗ ಒಡೆದ್ಬಿಟ್ಟೆ ಆಂಟಿ."

"ಯಾರ ಮನೇದು?"

ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನಗು ತಡೆಯಲಾಗದೆ ನಾನು ಸೋಫಾಗೆ ಒರಗಿದ್ದೆ. ಆಂಟಿ ಪೂರ್ತಿ ನಂಬಿದಂತೆ ಕಾಣಲಿಲ್ಲ. ಇಳಿದು ಹೋದವರು ತಮ್ಮ ಬಾಗಿಲಿನ ಚಿಲಕವನ್ನು ಎರಡು ಸಲ ಹಾಕಿದ ಸದ್ದು ಮೇಲಕ್ಕೂ ಕೇಳಿಸಿತು.

ಬೀಗದ ಕಂಪನಿಗೆ ಅಂದೇ ಸುದ್ದಿ ಮುಟ್ಟಿಸಿದೆವು. ಶುಕ್ರವಾರದ ಮೀಟಿಂಗಿನಲ್ಲಿ ಮ್ಯಾನೇಜರ್, ಐದು ಜನಕ್ಕೆ ಕಾಣದ್ದು ನನಗೆ ಹೇಗೆ ಕಂಡಿತು ಎಂದು ಕೇಳಿದರು. ಮೈಕ್ ಆನ್ ಮಾಡಿ, ನನಗೆ ಕನ್ನಡ ಬರುತ್ತದೆ, ಅದಕ್ಕೆ, ಅಂದೆ. ಆಮೇಲೆ ಒಬ್ಬ ಆಯ್ತು ನಿಮ್ದು ಎಂದು ಉಚ್ಚರಿಸಲು ಹೋಗಿ ತೊದಲಿದ. ಇನ್ನೊಬ್ಬಳು ನಿಮ್ಡು ಅಂದಳು, ಮತ್ತೊಬ್ಬ ನಿಮ್ತು ಅಂದ. ನಾನು ಒಬ್ಬೊಬ್ಬರನ್ನೇ ತಿದ್ದತೊಡಗಿದೆ, ಯಾರ ಇಂಗ್ಲಿಷಿಗೂ ಹೆದರದೆ, ಜೋರಾಗಿ. ಆ ಗಲಾಟೆಯಲ್ಲಿ, ನನ್ನ ಕೆಲಸ ಖಾಯಂ ಆಯಿತೆಂದು ಮ್ಯಾನೇಜರ್ ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ಅವರು ಎರಡನೇ ಸಲ ಹೇಳಬೇಕಾಯಿತು.