ಫ್ರೈಡೇ ಹಾರ್ಬರಿಗೆ ಒಂದು ಬಾಟಲಿ ನೀರು

ಎಜುಕೇಶನ್ ಹಿಲ್‌ನಿಂದ ನಾನೂ ಸನಾಳೂ ಹೊರಟದ್ದು ಗುರುವಾರ ಬೆಳಿಗ್ಗೆ, ಫೆಬ್ರವರಿಯ ಜಿನುಗು ಮಳೆಯಲ್ಲಿ. ಕಾರಿನ ಹಿಂಭಾಗದಲ್ಲಿ ಸನಾಳ ದೊಡ್ಡ ಐಸ್ ಬಾಕ್ಸ್, ನನ್ನ ಸೂಟ್‌ಕೇಸ್, ಖೀಮಾ ಸಮೋಸಾದ ಡಬ್ಬಿ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ, ಸನಾಳಿಗೆ ಗೊತ್ತಿಲ್ಲದ ಹಾಗೆ, ಒಂದು ಬಾಟಲಿ ನೀರು.

ನೀರು ಕೊಟ್ಟವಳು ಸನಾಳ ತಾಯಿ ನಸ್ರೀನ್, ನನ್ನ ತಂಗಿಯ ಮಗಳು. ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಬೆಳೆದವಳು. ಅವಳಮ್ಮನೊಡನೆ ಉರ್ದು, ನನ್ನೊಡನೆ ಕನ್ನಡ. ಈಗ ಈ ದೇಶದಲ್ಲಿ, ಸಿಟಿ ನಡುವಿನ ಡೆನ್ನಿ ಟ್ರಯಾಂಗಲ್‌ನ ಒಂದು ಗಾಜಿನ ಟವರಿನಲ್ಲಿ ಮ್ಯಾನೇಜರ್, ಮನೆ ಎಜುಕೇಶನ್ ಹಿಲ್‌ನಲ್ಲಿ. ಸನಾ ಅವಳ ಒಬ್ಬಳೇ ಮಗಳು. ಸಮುದ್ರದ ಸಣ್ಣ ಪ್ರಾಣಿಗಳ ಮೇಲೆ ಪಿಎಚ್‌ಡಿ ಮಾಡುತ್ತಾಳೆ, ಯೂನಿವರ್ಸಿಟಿಯ ಹತ್ತಿರ ಬೇರೆ ರೂಮು ಮಾಡಿಕೊಂಡಿದ್ದಾಳೆ. ಐಸ್ ಬಾಕ್ಸ್ ಹೊತ್ತು ದ್ವೀಪಕ್ಕೆ ಹೋದಳೆಂದರೆ ನಾಲ್ಕು ದಿನ ಫೋನ್ ಎತ್ತುವುದಿಲ್ಲ.

"ಅಕ್ಕಿನುಚ್ಚಿನಷ್ಟು ಹುಳ ನೋಡೋಕೆ ಅಷ್ಟು ದೂರ ಯಾರಾದ್ರೂ ಹೋಗ್ತಾರಾ ಖಾಲಾ?" ಎಂದಿದ್ದಳು ನಸ್ರೀನ್. "ಅಲ್ಲಿ ಯಾರೋ ಇದಾನೆ. ನೀವು ಟ್ರಿಪ್ ಅಂತ ಹೋಗಿ, ಕಣ್ಣಲ್ಲಿ ನೋಡ್ಕೊಂಡು ಬಂದು ಹೇಳಿ. ಹುಳದ ಕಥೆ ಸುಳ್ಳು ಅಂತಾದ್ರೆ ಅವಳ ರೂಮ್ ಖಾಲಿ ಮಾಡಿಸ್ತೀನಿ, ಬೆಲ್‌ವ್ಯೂ ಹುಡುಗನ ಮನೆಯವರಿಗೆ ಹೂಂ ಅಂತೀನಿ." ಆಮೇಲೆ ಬಾಟಲಿ ಕೈಗಿಟ್ಟಳು. "ವಾರವೆಲ್ಲ ದುವಾ ಓದಿ ಊದಿದೀನಿ. ಟೀಗೆ ಇದೇ ನೀರು ಹಾಕಿ ಕುಡಿಸಿ. ಬುದ್ಧಿ ಮನೆ ಕಡೆ ತಿರುಗುತ್ತೆ."

ಗುರುತು ಸಿಗಬಾರದೆಂದು ಬಾಟಲಿಯ ಲೇಬಲ್ ಕಿತ್ತು ಹಾಕಿದ್ದಳು. ಒಂದು ಕಡೆ ಗೋಂದಿನ ಕಲೆ ಮಾತ್ರ ಉಳಿದಿತ್ತು.

ನಮ್ಮ ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಶೂ ಸದ್ದಾಗದ ಹಾಗೆ ಕಾರಿಡಾರಿನಲ್ಲಿ ನಡೆದು ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಆ ಟ್ರೇನಿಂಗ್ ನನಗೂ ಆಗಿದೆ. ಒಪ್ಪಿಕೊಂಡೆ.

ಉತ್ತರಕ್ಕೆ ಎಂಬತ್ತು ಮೈಲಿಯ ಹತ್ತಿರ ಹೋದರೆ ಅನಕೋರ್ಟಿಸ್, ಅಲ್ಲಿಂದ ಫೆರ್ರಿ. ಟಿಕೆಟ್ ಕಿಟಕಿಯ ಹೆಂಗಸು ನನ್ನ ಬಿಳಿ ಕೂದಲು ನೋಡಿ ಸೀನಿಯರ್ ಎಂದು ಅರ್ಧ ಚಾರ್ಜು ಹಾಕಿದಳು. ಬರುವಾಗಿನ ಟಿಕೆಟ್ ಕೇಳಿದರೆ, ಬೇಡ, ಅದು ಫ್ರೀ ಎಂದಳು. ಅವಳನ್ನೇ ದಿಟ್ಟಿಸಿ ನೋಡಿದೆ. ಈ ದೇಶದಲ್ಲಿ ಚಟ್ನಿಗೂ ಬೇರೆ ಬಿಲ್ ಹಾಕುತ್ತಾರೆ. ಇಷ್ಟು ದೊಡ್ಡ ಹಡಗು ಫ್ರೀ ಆಗಿ ಏಕೆ ಕರೆತರುತ್ತದೆ?

"ನಾನಿ, ದೇ ಚಾರ್ಜ್ ಓನ್ಲಿ ಒನ್ ವೇ," ಎಂದಳು ಸನಾ. "ಐಲ್ಯಾಂಡಿಗೆ ಹೋದವ್ರು ಹೇಗೂ ವಾಪಸ್ ಬರ್ಬೇಕಲ್ಲ."

"ಬರದಿದ್ರೆ?"

"ದೆನ್ ಯು ಲಿವ್ ದೇರ್!"

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಹಡಗಿನ ಕಿಟಕಿಯ ಪಕ್ಕ ಕೂತು ಸಮೋಸಾ ಬಿಚ್ಚಿದೆ. ಹೊರಗೆ ಆಕಾಶ, ನೀರು, ದ್ವೀಪ ಎಲ್ಲ ಒಂದೇ ಬೂದಿ ಬಣ್ಣ. ಇದೇ ಸರಿಯಾದ ಸಮಯವೆಂದು ಹುಳದ ವಿಚಾರ ತೆಗೆದೆ. ಸುಳ್ಳು ಹೇಳುವವರು ಡೀಟೇಲ್ಸ್ ಕೇಳಿದರೆ ತಡವರಿಸುತ್ತಾರೆ. ಸನಾ ತಡವರಿಸಲಿಲ್ಲ, ಮುಸುರೆ ಕೈಯಲ್ಲೇ ಗಾಳಿಯಲ್ಲಿ ಚಿತ್ರ ಬರೆದಳು.

ಅದು ಹುಳವಲ್ಲವಂತೆ. ಕೋಪೆಪಾಡ್, ಸೀಗಡಿಯ ಬಡ ನೆಂಟ. ವಸಂತದಲ್ಲಿ ಮೇಲಿನ ನೀರಿನಲ್ಲಿ ಕಣ್ಣಿಗೆ ಕಾಣದ ಹಸಿರು ಪಾಚಿ ತಿಂದು, ಮತ್ತೆ ಮತ್ತೆ ಪೊರೆ ಕಳಚಿ ಬೆಳೆಯುತ್ತದೆ. ಮೈತುಂಬ ಎಣ್ಣೆ ಕೂಡಿಸಿಕೊಂಡು, ಬೇಸಿಗೆಯಲ್ಲಿ ಎಲ್ಲರೂ ತಿನ್ನುತ್ತಿರುವಾಗಲೇ ಆಳದ ಕತ್ತಲೆಗೆ ಇಳಿದು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತದೆ. ಚಳಿಗಾಲದಲ್ಲಿ ಅಲ್ಲೇ ಪ್ರಾಯಕ್ಕೆ ಬರುತ್ತದೆ. ಆಗ ಅದಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ. ಕೂಡಿಟ್ಟ ಎಣ್ಣೆಯನ್ನೇ ಮೊಟ್ಟೆ ಮಾಡಿ, ಇಟ್ಟು ಮುಗಿಸಿ, ಸಾಯುತ್ತದೆ. ಮರಿಗಳು ಮೇಲೆ ಬರುವ ಹೊತ್ತಿಗೆ ಮತ್ತೆ ವಸಂತ.

"ಇಫ್ತಾರ್ ಇಲ್ಲದ ರೋಜಾ, ನಾನಿ."

"ಗಂಡು ಹುಳ?" ಎಂದೆ, ಬೇಕೆಂದೇ.

"ಮೇಟ್ ಮಾಡ್ತಾರೆ, ದೆನ್ ದೇ ಡೈ. ಫೀಮೇಲ್ಸ್‌ಗಿಂತ ಮೊದಲೇ." ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ನಾಳೆ ಈ ಸೀಸನ್ನಿನ ಲಾಸ್ಟ್ ಬೋಟ್ ಟ್ರಿಪ್. ಈ ಸಲದ ಫೀಮೇಲ್ಸ್ ಮೊಟ್ಟೆ ಇಡ್ಲಿಲ್ಲ ಅಂದ್ರೆ ನೆಕ್ಸ್ಟ್ ವಿಂಟರ್ ತನಕ ಕಾಯ್ಬೇಕು. ಐ ಕಾಂಟ್ ಲೂಸ್ ಅನದರ್ ಇಯರ್," ಎಂದಳು.

ಫ್ರೈಡೇ ಹಾರ್ಬರಿನಲ್ಲಿ ಇಳಿದೊಡನೆ ನನ್ನ ಅನುಮಾನಕ್ಕೆ ಜೀವ ಬಂತು. ಸನಾ ಕೆಲಸ ಮಾಡುವ ಲ್ಯಾಬಿನ ಮುಂದೆ, ಬೋಟು ಕಟ್ಟುವ ದಕ್ಕೆಯ ಮೇಲೆ ಒಬ್ಬ ಗಡ್ಡದವನು, ಬೋಟ್ ನಡೆಸುವ ಡೇವ್, ಕಾಯುತ್ತಿದ್ದ. ಸನಾಳ ಕೈಗೆ ಬಿಸಿ ಟೀಯ ಮಗ್ ಕೊಟ್ಟ. ಸಕ್ಕರೆ ಎಷ್ಟೆಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ಗುಟುಕು ಕುಡಿದು ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು. ಇವಳ ಸಕ್ಕರೆಯ ಲೆಕ್ಕ ಇವನಿಗೆ ಹೇಗೆ ಗೊತ್ತು? ನನಗೆ "ಹೌ ಆರ್ ಯು, ಮ್ಯಾಮ್?" ಎಂದ. "ಫೈನ್," ಎಂದೆ, ಮದರ್ ಸುಪೀರಿಯರ್ ಧ್ವನಿಯಲ್ಲಿ.

ನಮಗೆ ಕೊಟ್ಟ ಕಾಟೇಜಿನಲ್ಲಿ ಎರಡು ಮಂಚ, ಒಂದು ಸ್ಟವ್, ಒಂದು ಫ್ರಿಜ್. ಫ್ರಿಜ್ಜಿನಲ್ಲಿ ಸನಾ ತನ್ನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದಳು. ಎಲ್ಲವೂ ಹಳೆಯ ನೀರಿನ ಬಾಟಲಿಗಳೇ, ಹುಳಗಳಿಗೆಂದು ಸೋಸಿದ ಸಮುದ್ರದ ನೀರು ತುಂಬಿದವು. ಅವಳು ಸ್ನಾನಕ್ಕೆ ಹೋದಾಗ ನಸ್ರೀನಳ ಬಾಟಲಿಯನ್ನು ನಾನೂ ಅದೇ ಸಾಲಿನ ಹಿಂದೆ ಇಟ್ಟೆ. ಬಾಟಲಿಗಳ ನಡುವೆ ಬಾಟಲಿ, ಯಾರು ಹುಡುಕುತ್ತಾರೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅವಳು ಡೇವ್‌ನ ಬೋಟಿನಲ್ಲಿ ಹೋದಳು. ಬಲೆಯನ್ನು ಬಹಳ ಆಳಕ್ಕೆ ಇಳಿಸಿ ನಿಧಾನವಾಗಿ ಎತ್ತಬೇಕಂತೆ. ನನ್ನ ಮಂಡಿ ಬೋಟಿಗೆ ಒಪ್ಪದು. ದಡದಲ್ಲಿ ನಿಂತು ನೋಡಿದೆ. ಚುಕ್ಕಿಯಾಗುವವರೆಗೂ ಬೋಟು, ಆಮೇಲೆ ಬರೀ ನೀರು. ಊರೊಳಗೆ ಹೋಗಿ ಫಿಶ್ ಅಂಡ್ ಚಿಪ್ಸ್ ತಿನ್ನೋಣವೆಂದರೆ, ಅದೇ ಎಣ್ಣೆಯಲ್ಲಿ ಇನ್ನೇನು ಕರಿದಿದ್ದಾರೋ ಎಂದು ಮನಸ್ಸಾಗಲಿಲ್ಲ. ಉಳಿದ ಸಮೋಸಾವನ್ನೇ ಬಿಸಿ ಮಾಡಿಕೊಂಡೆ.

ಮಧ್ಯಾಹ್ನ ಬಂದವಳ ಮುಖ ಅರಳಿತ್ತು. "ಸಿಕ್ಕಿದ್ವು ನಾನಿ! ಎಲ್ಲಾ ಫುಲ್ ಆಫ್ ಎಗ್ಸ್! ಟೀ ಮಾಡಿ, ಈಗ ಬರ್ತೀನಿ." ಫ್ರಿಜ್ಜಿನಿಂದ ಏನನ್ನೋ ಬುಟ್ಟಿಗೆ ತುಂಬಿಕೊಂಡು ಓಡಿದಳು. ಟೀ ಎಂದೊಡನೆ ನನಗೆ ನಸ್ರೀನಳ ಮಾತು ನೆನಪಾಯಿತು. ಪಾತ್ರೆ ಇಟ್ಟು ಫ್ರಿಜ್ ತೆಗೆದೆ.

ಸಾಲು ಪೂರ್ತಿ ಖಾಲಿ.

ಮಂಡಿ ಮರೆತು ನಡೆದೆ. ಲ್ಯಾಬಿನ ಕೊನೆಯ ಬಾಗಿಲು ತಳ್ಳಿದರೆ ಹಾಡಹಗಲಲ್ಲಿ ಕತ್ತಲೆ, ಮೂಳೆ ಕೊರೆಯುವ ಚಳಿ, ಒಂದೇ ಒಂದು ಕೆಂಪು ದೀಪ. ಬೇರೆ ದಿನವಾಗಿದ್ದರೆ ಆ ದೀಪ ನೋಡಿ ಏನೇನೋ ಊಹಿಸುತ್ತಿದ್ದೆ. ಸನಾ ಒಂದು ಗಾಜಿನ ತಟ್ಟೆಯ ಮೇಲೆ ಬಗ್ಗಿದ್ದಳು.

"ಯಾಕೆ ನಿಂತ್ಬಿಟ್ವು?" ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. "ಟೆಂಪರೇಚರ್ ಸರಿ ಇದೆ. ಲೈಟ್ ಸರಿ ಇದೆ. ನಾನಿ, ದೇ ಆರ್ ಡೈಯಿಂಗ್." ಕೈ ಎರಡನೆಯ ತಟ್ಟೆಯ ಮೇಲಿತ್ತು, ಕೈಯಲ್ಲಿ ಬಾಟಲಿ. ಕೆಂಪು ಬೆಳಕಿನಲ್ಲೂ ಗೋಂದಿನ ಕಲೆ ಕಂಡಿತು.

ಸುಮ್ಮನಿದ್ದರೆ ನಸ್ರೀನಳ ಗುಟ್ಟು ಉಳಿಯುತ್ತಿತ್ತು.

"ಸುರಿಬೇಡ! ಅದು ಸಿಹಿ ನೀರು. ನಿಮ್ಮಮ್ಮ ಕೊಟ್ಟಿದ್ದು."

ಎಲ್ಲ ಹೇಳಿದೆ. ದುವಾ, ಟೀ, ಬೆಲ್‌ವ್ಯೂ ಹುಡುಗ, ನನ್ನ ಪತ್ತೇದಾರಿ. ಅವಳು ಕಿರುಚಲಿಲ್ಲ. ಮೊದಲನೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೂಗು ಒರೆಸಿಕೊಂಡು, ಉಳಿದ ಬಾಟಲಿಗಳನ್ನು ಒಂದೊಂದಾಗಿ ನಾಲಗೆಗೆ ತಾಗಿಸಿ ಉಪ್ಪು ನೋಡಿ, ಉಳಿದ ತಟ್ಟೆಗಳಿಗೆಲ್ಲ ನೀರು ಹಾಕಿದಳು.

"ಬನ್ನಿ ನಾನಿ. ನೋಡೋಕೆ ತಾನೇ ಬಂದಿದ್ದು? ನೋಡಿ."

ನಾನು ಕೊನೆಯ ಸಲ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟದ್ದು ಕಾನ್ವೆಂಟಿನಲ್ಲಿ, ಈರುಳ್ಳಿ ಸಿಪ್ಪೆಗೆ. ಝೂಆಲಜಿ ಓದಬೇಕೆಂದಿದ್ದೆ, ಓದುವ ಮೊದಲೇ ಮದುವೆ ಬಂತು. ಈಗ ಗಾಜಿನೊಳಗೆ ಒಬ್ಬಳು ತೇಲುತ್ತಿದ್ದಳು. ಪಾರದರ್ಶಕ ಮೈ, ಎರಡು ಉದ್ದ ಮೀಸೆ ಅಗಲಿಸಿ ಚಾಚಿದ್ದಳು. ಒಡಲಿನ ತುಂಬ ಮೊಟ್ಟೆ. ಎಣ್ಣೆಯ ಚೀಲ ಮಾತ್ರ ಕರಗಿ ದಾರದಷ್ಟಾಗಿತ್ತು. ತನ್ನದೆಂಬುದನ್ನೆಲ್ಲ ಖರ್ಚು ಮಾಡಿಕೊಂಡು ಇವಳು ಇಲ್ಲಿಯವರೆಗೆ ಬಂದಿದ್ದಳು. ಬಹಳ ಹೊತ್ತು ಕಣ್ಣು ತೆಗೆಯಲಾಗಲಿಲ್ಲ.

ನಸ್ರೀನಳ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಸಿಂಕಿಗೆ ಸುರಿಯಲು ಎತ್ತಿಕೊಂಡೆ.

"ನೋ ನಾನಿ. ಓದಿ ಊದಿದ್ದು. ಚೆಲ್ಲಬಾರದು," ಎಂದು ಕಸಿದುಕೊಂಡಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಜಾಕೆಟಿನ ಟೋಪಿ ತಲೆಗೆಳೆದುಕೊಂಡು, ಬಿಸ್ಮಿಲ್ಲಾ ಎಂದು ಪೂರ್ತಿ ಕುಡಿದಳು.

ಭಾನುವಾರ ಬೆಳಿಗ್ಗೆ ಉಳಿದ ತಟ್ಟೆಗಳ ತಳದಲ್ಲಿ ಮೊಟ್ಟೆಗಳಿದ್ದವು, ಗಸಗಸೆಗಿಂತ ಸಣ್ಣವು. ಸನಾ ನನ್ನ ಕೈ ಹಿಡಿದು ಆ ಚಳಿಯ ಕೋಣೆಯಲ್ಲಿ ಕುಣಿದಳು. ಬಾಗಿಲಲ್ಲಿ ಡೇವ್, ಕೈಯಲ್ಲಿ ಎರಡು ಟೀ. ನನ್ನ ಟೀಯಲ್ಲೂ ಸಕ್ಕರೆ ಸರಿಯಾಗಿತ್ತು. ಇವನು ಅದನ್ನು ಯಾವಾಗ ಗಮನಿಸಿದನೋ.

ವಾಪಸಾಗುವಾಗ ಫೆರ್ರಿಯಲ್ಲಿ ಯಾರೂ ದುಡ್ಡು ಕೇಳಲಿಲ್ಲ. ಆದರೂ ಅನಕೋರ್ಟಿಸ್ ಬರುವವರೆಗೂ ಹಳೆಯ ಟಿಕೆಟನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಸಂಜೆ ಎಜುಕೇಶನ್ ಹಿಲ್‌ನಲ್ಲಿ ಸನಾ ನನ್ನನ್ನು ಇಳಿಸಿ, ಮೊಟ್ಟೆಗಳ ಬಾಕ್ಸ್ ಇದೆ ಎಂದು ನಿಲ್ಲದೆ ಹೊರಟಳು. ನಸ್ರೀನ್ ಬಾಗಿಲಲ್ಲೇ ಹಿಡಿದಳು.

"ನೀರು ಕುಡಿದ್ಲಾ ಖಾಲಾ?"

"ಕುಡಿದಳು. ಗೊತ್ತಿದ್ದೇ ಕುಡಿದಳು, ಒಂದು ತೊಟ್ಟು ಬಿಡದೆ." ಖಾಲಿ ಬಾಟಲಿ ಕೊಟ್ಟೆ.

"ಹುಳ?"

"ನಿಜ. ಎಲ್ಲಾ ಬಸುರಿಯರು. ಕಣ್ಣಾರೆ ನೋಡಿದೀನಿ. ಅವಳ ರೂಮು ಹಾಗೇ ಇರಲಿ ನಸ್ರೀನ್. ಬೆಲ್‌ವ್ಯೂನವರಿಗೆ ಅವಳನ್ನೇ ಕೇಳಿ ಉತ್ತರ ಕೊಡು."

"ಗಂಡಸರು ಯಾರೂ ಇರ್ಲಿಲ್ವಾ?"

ದಕ್ಕೆಯ ಮೇಲಿನ ಟೀ ಮಗ್ ಒಮ್ಮೆ ನೆನಪಿಗೆ ಬಂದು ಹೋಯಿತು.

"ಇದ್ರಂತೆ. ನಾವು ಹೋಗೋ ಮುಂಚೆಯೇ ಸತ್ತುಹೋಗಿದ್ರು."

ನಸ್ರೀನ್ ನನ್ನನ್ನೇ ದಿಟ್ಟಿಸಿ ನೋಡಿದಳು. ವಾಪಸ್ ಬರುವುದು ಫ್ರೀ ಎಂದ ಆ ಟಿಕೆಟ್ ಕಿಟಕಿಯ ಹೆಂಗಸನ್ನು ನಾನು ನೋಡಿದ್ದು ಥೇಟ್ ಹಾಗೆಯೇ.